ಕುರ್‌ಆನ್‌ನ 33:35ರಲ್ಲಿ (33ನೇ ಅಧ್ಯಾಯದ 35ನೇ ವಚನ) ಪ್ರತಿ ಸಲವೂ ‘ಪುರುಷರು, ಸ್ತ್ರೀಯರು’ ಎಂದು ಬೇರೆಯಾಗಿ ಹೇಳಿರುವುದೇಕೆ?

ಸ್ತ್ರೀಯರನ್ನು ವ್ಯಾಕರಣದ ಮರೆಯಲ್ಲಿ ಬಿಡದೆ ಕರೆದು ಹೇಳುವುದಕ್ಕಾಗಿ. ಅರಬ್ಬಿಯಲ್ಲಿ ಗಂಡು ಹೆಣ್ಣು ಕೂಡಿದ ಗುಂಪಿಗೆ ಪುಲ್ಲಿಂಗ ಬಹುವಚನವೇ ಸಲ್ಲುತ್ತದೆ. ನೂರು ಹೆಂಗಸರ ನಡುವೆ ಒಬ್ಬ ಗಂಡಸಿದ್ದರೂ ಅಷ್ಟೇ. ಹಾಗಾಗಿ ‘ವಿಶ್ವಾಸಿಗಳೇ’ ಎಂಬ ಕರೆ ಸಾಮಾನ್ಯವಾಗಿ ಇಬ್ಬರಿಗೂ ಅನ್ವಯಿಸುತ್ತದೆ, ಆದರೆ ಕಿವಿಗೆ ಬೀಳುವುದು ಗಂಡಸರ ರೂಪ ಮಾತ್ರ. ಪ್ರವಾದಿಯವರ ಪತ್ನಿ ಉಮ್ಮು ಸಲಮಾ ಇದನ್ನೇ ಕೇಳಿದರೆಂದು ಹದೀಸ್ (ಪ್ರವಾದಿಯವರ ನಡೆನುಡಿಗಳ ವರದಿ) ಹೇಳುತ್ತದೆ: ಗಂಡಸರ ಪ್ರಸ್ತಾಪವಿದೆ, ನಮ್ಮದೇಕಿಲ್ಲ? ಅದಕ್ಕೆ ಉತ್ತರವಾಗಿ ಈ ವಚನ ಬಂದಿತೆಂಬುದು ಪರಂಪರೆಯ ಮಾತು.

ಅಲ್ಲಿ ‘ಮುಸ್ಲಿಮೀನ್, ಮುಸ್ಲಿಮಾತ್’ (ಮುಸ್ಲಿಮ್ ಪುರುಷರು, ಮುಸ್ಲಿಮ್ ಸ್ತ್ರೀಯರು) ಎಂಬಂತೆ ಹತ್ತು ಜೋಡಿಗಳಿವೆ. ಪ್ರತಿ ಜೋಡಿಯಲ್ಲೂ ‘ಆತ್’ ಎಂಬ ಸ್ತ್ರೀಲಿಂಗ ಪ್ರತ್ಯಯ ಗಂಟೆಯಂತೆ ಮೊಳಗುತ್ತದೆ. ಕನ್ನಡದ ‘ಅವರು’ ಲಿಂಗವನ್ನೇ ತೋರಿಸದ ಕಾರಣ ನಮ್ಮ ಕಿವಿಗೆ ಅದು ಬರೀ ಪುನರಾವರ್ತನೆಯಂತೆ ಕೇಳಿಸುತ್ತದೆ.