ರಕ್ಷಣಾ ಕಾರ್ಯಕ್ಕೆ ರೋಬೋಟ್, ಡ್ರೋನ್, ಮೊಬೈಲ್‌ಗಳನ್ನು ಜೋಡಿಸುವ ಆ್ಯಪ್ ಮಾಡುತ್ತಿದ್ದೇವೆ. 4ಜಿ ಸಾಕೇ, 5ಜಿ ಬೇಕೇ?

2018ರ ಆಗಸ್ಟ್‌ನಲ್ಲಿ ನಾನು ನಿಮ್ಮ ಹಾಗೆಯೇ ಯೋಚಿಸುತ್ತಿದ್ದೆ. ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳು ಜರಿದು ರಸ್ತೆಗಳು ಕಡಿದುಹೋಗಿದ್ದಾಗ, ಮಡಿಕೇರಿಯಲ್ಲಿ ಸ್ವಯಂಸೇವಕನಾಗಿ ಕುಳಿತು, ಸಿಲುಕಿಕೊಂಡವರ ಲೊಕೇಶನ್‌ಗಳನ್ನು ನಕ್ಷೆಗೆ ಸೇರಿಸಿ, ಹಗ್ಗ ಹೊತ್ತು ನಡೆಯುವ ತಂಡಗಳ ಮೊಬೈಲ್‌ಗೆ ರವಾನಿಸುತ್ತಿದ್ದೆ. ಡ್ರೋನ್ ಕೂಡ ಇತ್ತು. ಆ ಮಳೆಯಲ್ಲಿ ಅದು ಪೆಟ್ಟಿಗೆಯಿಂದ ಹೊರಬಂದದ್ದೇ ಅಪರೂಪ.

ನನ್ನ ತಪ್ಪನ್ನು ಬಿಡಿಸಿ ಹೇಳಬೇಕು. ನಾವು ಮಾಡಿದ್ದ ವೆಬ್ ಪುಟವನ್ನು ತೆರೆದವರ ಬ್ರೌಸರ್ ನಾಲ್ಕು ಸಂಗತಿಗಳನ್ನು ಕಳುಹಿಸುತ್ತಿತ್ತು: ಅಕ್ಷಾಂಶ, ರೇಖಾಂಶ, ಎಷ್ಟು ಮೀಟರ್ ಹೆಚ್ಚುಕಡಿಮೆ ಇರಬಹುದೆಂಬ ಅಂದಾಜು ಮತ್ತು ಸ್ಥಳ ಗುರುತಿಸಿದ ಸಮಯ. ನಕ್ಷೆ ಚೊಕ್ಕಟವಾಗಿ ಕಾಣಲೆಂದು ನಾನು ಮೊದಲಿನ ಎರಡನ್ನು ಮಾತ್ರ ಉಳಿಸಿಕೊಂಡೆ. ಉಪಗ್ರಹಗಳು ಸಿಕ್ಕರೆ ಮೊಬೈಲ್ ಕೆಲವೇ ಮೀಟರ್ ತಪ್ಪಬಹುದು. ಟವರ್ ಆಧರಿಸಿ ಊಹಿಸಿದಾಗ ಬೆಟ್ಟಸೀಮೆಯಲ್ಲಿ ಕಿಲೋಮೀಟರುಗಟ್ಟಲೆ ತಪ್ಪಬಹುದು. ನನ್ನ ಪರದೆಯ ಮೇಲೆ ಎರಡೂ ಒಂದೇ ಗಾತ್ರದ ಕೆಂಪು ಚುಕ್ಕಿಗಳು! ಅಂಥ ಒಂದು ಚುಕ್ಕಿಯನ್ನು ನಂಬಿ ಆರು ಜನ ಕೆಸರಿನಲ್ಲಿ ಮೂರು ಗಂಟೆ ನಡೆದರು. ಅಲ್ಲಿ ಯಾರೂ ಇರಲಿಲ್ಲ. ಆ ಕುಟುಂಬವು ಕಣಿವೆಯ ಆಚೆ, ತೋಟದ ಲೈನ್‌ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿತ್ತು. ಕೊನೆಗೆ ಅವರನ್ನು ಕರೆತಂದವನು ದಾರಿ ಬಲ್ಲ ತೋಟದ ಕಾರ್ಮಿಕ. ಆಮೇಲೆ ಮೂಲ ದಾಖಲೆಯನ್ನು ತೆರೆದರೆ, ಅಂದಾಜಿನ ಅಂಕಿ ಎರಡು ಸಾವಿರ ಮೀಟರ್ ದಾಟಿತ್ತು, ಸಮಯ ಹಿಂದಿನ ಸಂಜೆಯದಾಗಿತ್ತು.

ಆದ್ದರಿಂದ 4ಜಿಯೋ 5ಜಿಯೋ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕರೆಂಟ್ ಹೋಗಿ, ಜನರೇಟರಿನ ಡೀಸೆಲ್ ಮುಗಿದರೆ ಟವರ್ ಯಾವ ತಲೆಮಾರಿನದಾದರೂ ಒಂದೇ. ಜಿಪಿಎಸ್‌ಗೆ ಟವರ್ ಬೇಕಿಲ್ಲ; ನಕ್ಷೆಯನ್ನು ಮೊದಲೇ ಮೊಬೈಲಿಗೆ ಇಳಿಸಿಕೊಂಡು, ಯಂತ್ರಗಳು ತಮ್ಮದೇ ರೇಡಿಯೊ ಸಂಪರ್ಕದಲ್ಲಿ ಮಾತಾಡಿಕೊಳ್ಳುವಂತೆ ಮಾಡಿ. ರೇಡಿಯೊ ಬದಲು ರೋಬೋಟ್‌ಗೆ ಕೇಬಲ್ ಎಳೆದರೆ ಸಾಕೆಂದೂ ಭಾವಿಸಬೇಡಿ: 2011ರಲ್ಲಿ ಫುಕುಶಿಮಾ ಅಣುಸ್ಥಾವರದ ಎರಡನೇ ರಿಯಾಕ್ಟರ್ ಕಟ್ಟಡದೊಳಗೆ ಹೋದ ಕ್ವಿನ್ಸ್ ಎಂಬ ಜಪಾನಿ ರೋಬೋಟ್, ಕೇಬಲ್ ತೊಡಕಿ ಸಂಪರ್ಕ ಕಡಿದ ಮೇಲೆ ಅಲ್ಲಿಯೇ ಉಳಿಯಿತು. ಸಂಪರ್ಕ ತಪ್ಪಿದ ಮರುಕ್ಷಣ ನಿಮ್ಮ ಯಂತ್ರ ಏನು ಮಾಡುತ್ತದೆ ಎಂಬುದನ್ನು ಮೊದಲು ಬರೆದಿಡಿ. ಕ್ಯಾಮೆರಾದ ಆಯ್ಕೆ ಆಮೇಲಾಗಲಿ. ಪ್ರಾಜೆಕ್ಟ್ ತೋರಿಸುವ ದಿನ ಎಲ್ಲ ಮೊಬೈಲ್‌ಗಳ ಸಿಮ್ ತೆಗೆದಿಡಿ, ಪ್ರತಿ ಚುಕ್ಕಿಯ ಸುತ್ತ ಅದರ ತಪ್ಪಿನಷ್ಟೇ ದೊಡ್ಡ ವೃತ್ತವನ್ನೂ ಪಕ್ಕದಲ್ಲಿ ಸಮಯವನ್ನೂ ತೋರಿಸಿ, ನಕ್ಷೆ ಎಷ್ಟೇ ಅಂದಗೆಟ್ಟರೂ ಸರಿ.