ರೆಕಾರ್ಡಿಂಗ್‌ಗಳಲ್ಲಿ ನಿಮಗೆ ತುಂಬಾ ಇಷ್ಟವಾದ ಕ್ಲೀನ್ (ಒರಟಾಗಿಸದ, ತಿಳಿಯಾದ) ಎಲೆಕ್ಟ್ರಿಕ್ ಗಿಟಾರ್ ಟೋನ್ ಯಾವುದು?

ನನ್ನ ಮೊದಲ ಆಯ್ಕೆ ಡೈರ್ ಸ್ಟ್ರೇಟ್ಸ್ ತಂಡದ ‘ಸುಲ್ತಾನ್ಸ್ ಆಫ್ ಸ್ವಿಂಗ್’, 1978ರದ್ದು. ಮಾರ್ಕ್ ನಾಫ್ಲರ್ ಅದನ್ನು ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ (ಸ್ಟ್ರಾಟ್) ಗಿಟಾರ್‌ನಲ್ಲಿ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಇಲ್ಲದೆ ಬರೀ ಬೆರಳಲ್ಲಿ ನುಡಿಸಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಬೆರಳು ತಂತಿಯನ್ನು ಎಳೆದು ಬಿಟ್ಟಾಗ ಚಟ್ ಅನ್ನುವ ಸದ್ದು, ಅದರ ಹಿಂದೆಯೇ ಮೆತ್ತಗೆ ಬರುವ ಇನ್ನೊಂದು ಸ್ವರ, ಎರಡೂ ಬೇರೆ ಬೇರೆಯಾಗಿ ಕೇಳಿಸುತ್ತವೆ. ಡಿಸ್ಟಾರ್ಷನ್ (ದನಿಯನ್ನು ಒರಟಾಗಿಸುವ ಎಫೆಕ್ಟ್) ಜಾಸ್ತಿ ಇದ್ದಿದ್ದರೆ ಈ ಏರಿಳಿತ ಉಳಿಯುತ್ತಿರಲಿಲ್ಲ, ಯಾಕಂದ್ರೆ ಅದು ಜೋರು ಸ್ವರವನ್ನೂ ಮೆಲು ಸ್ವರವನ್ನೂ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ತಂದುಬಿಡುತ್ತದೆ.

ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಆರಿಸುವ ಸ್ವಿಚ್‌ನದ್ದೂ ಪಾತ್ರ ಇದೆ. ಸ್ಟ್ರಾಟ್‌ನಲ್ಲಿ ಬ್ರಿಡ್ಜ್ (ತಂತಿಗಳ ಕೆಳತುದಿ) ಬಳಿಯ ಪಿಕಪ್ ಮತ್ತು ಮಧ್ಯದ ಪಿಕಪ್ ಒಟ್ಟಿಗೆ ಆನ್ ಆದಾಗ ಕೆಲವು ಫ್ರೀಕ್ವೆನ್ಸಿಗಳು ಒಂದನ್ನೊಂದು ಕಡಿಮೆ ಮಾಡಿ ಗಾಜಿನಂಥ ದನಿ ಬರುತ್ತದೆ. ಹಳೆಯ ಸ್ಟ್ರಾಟ್‌ಗಳಲ್ಲಿ 3 ಸ್ಥಾನದ ಸ್ವಿಚ್ ಮಾತ್ರ ಇತ್ತು, ಅದನ್ನೇ ಎರಡು ಸ್ಥಾನಗಳ ನಡುವೆ ಸಿಕ್ಕಿಸಿ ನಿಲ್ಲಿಸುತ್ತಿದ್ದರು! ಫೆಂಡರ್ 5 ಸ್ಥಾನದ ಸ್ವಿಚ್ ಕೊಟ್ಟಿದ್ದು 1977ರಲ್ಲಿ.

ಶಿಕ್ ತಂಡದ ನೈಲ್ ರಾಜರ್ಸ್ ರಿದಮ್ ಕೂಡ ಬಹಳ ಇಷ್ಟ. ಜಾಝ್ ಕಡೆ ಬಂದರೆ ವೆಸ್ ಮಾಂಟ್ಗೊಮರಿ. ಅವರು ಹೆಬ್ಬೆರಳಲ್ಲಿ ನುಡಿಸಿದ ಆಕ್ಟೇವ್‌ಗಳಲ್ಲಿ (ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ) ಪಿಕ್‌ನ ಚೂಪು ಇಲ್ಲವೇ ಇಲ್ಲ, ಅದಕ್ಕೇ ಅಷ್ಟು ತುಂಬಿಕೊಂಡು ಕೇಳಿಸುತ್ತದೆ.