ಲಸಿಕೆ ಹಾಕಿಸಿದ ಮೇಲೆ ಚಿನ್ನಿಯ ಮುಖ ಊದಿತು

ಪ್ರಶ್ನೆ: ನಮ್ಮ ಪಾಮೆರೇನಿಯನ್ ಚಿನ್ನಿಗೆ 2 ವರ್ಷ, ತೂಕ 4 ಕಿಲೋ. ಕಳೆದ ವಾರ ರೇಬಿಸ್ ಲಸಿಕೆಯನ್ನೂ ಹಲವು ರೋಗಗಳಿಗೆ ಒಟ್ಟಾಗಿ ಕೊಡುವ ಸಂಯುಕ್ತ ಲಸಿಕೆಯನ್ನೂ ಒಟ್ಟಿಗೇ ಹಾಕಿಸಿದೆವು. ಅರ್ಧ ಗಂಟೆಯೊಳಗೆ ಕಣ್ಣು, ಮೂತಿ ಊದಿಕೊಂಡವು, ಮೈಯೆಲ್ಲ ಗಂಧೆ. ಮತ್ತೆ ಆಸ್ಪತ್ರೆಗೆ ಓಡಿದೆವು. ಚುಚ್ಚುಮದ್ದು ಕೊಟ್ಟ ಮೇಲೆ ಇಳಿಯಿತು. ಇನ್ನು ಲಸಿಕೆಯೇ ಬೇಡ ಎನ್ನುತ್ತಾರೆ ನಮ್ಮ ಅತ್ತೆ.
– ಓದುಗರು, ಚಿಂತಾಮಣಿ

ಉತ್ತರ: ತಡಮಾಡದೆ ಓಡಿದಿರಲ್ಲ ತಾಯಿ, ಒಳ್ಳೆಯದು ಮಾಡಿದಿರಿ. ಲಸಿಕೆಯಲ್ಲಿರುವ ಪ್ರೋಟೀನುಗಳನ್ನು ಕಂಡು ಕೆಲವು ನಾಯಿಗಳ ದೇಹ ಹಿಸ್ಟಮಿನ್ ಎಂಬ ಅಲರ್ಜಿ ತರುವ ರಾಸಾಯನಿಕವನ್ನು ಧಾರಾಳವಾಗಿ ಹೊರಬಿಡುತ್ತದೆ. ಊತ, ಗಂಧೆ ಬರುವುದು ಅದರಿಂದಲೇ. 10 ಕಿಲೋಗಿಂತ ಕಡಿಮೆ ತೂಕದ ನಾಯಿಗಳಿಗೆ ಒಂದೇ ದಿನ ಹಲವು ಲಸಿಕೆ ಹಾಕಿಸಿದಾಗ ಈ ಅಪಾಯ ಹೆಚ್ಚು.

ಅತ್ತೆಯವರ ಭಯ ನನಗೆ ಅರ್ಥವಾಗುತ್ತದೆ. ಆದರೆ ರೇಬಿಸ್ ಲಸಿಕೆ ನಿಲ್ಲಿಸಬೇಡಿ ಎಂದು ಅವರಿಗೆ ಕೈಮುಗಿದು ಹೇಳುತ್ತೇನೆ. ಬೀದಿನಾಯಿಯೊಂದು ಗೇಟಿನ ಸಂದಿಯಲ್ಲಿ ಕಚ್ಚಿದರೂ ಸಾಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ನಾಯಿಯನ್ನು ಉಳಿಸುವ ಔಷಧಿಯಿಲ್ಲ.

ಲಸಿಕೆ ಕಾರ್ಡಿನಲ್ಲಿ ಈ ಘಟನೆಯನ್ನು, ಲಸಿಕೆಯ ಹೆಸರು ಮತ್ತು ಬ್ಯಾಚ್ ಸಂಖ್ಯೆಯ ಸಮೇತ ಬರೆಸಿ. ಮುಂದಿನ ಸಲ ಎರಡು ಲಸಿಕೆಗಳ ನಡುವೆ ಕೆಲವು ವಾರಗಳ ಅಂತರವಿರಲಿ. ಮೊದಲೇ ಅಲರ್ಜಿ ನಿರೋಧಕ ಕೊಡಬೇಕೇ ಎಂಬುದನ್ನು ನಿಮ್ಮ ಪಶುವೈದ್ಯರು ನಿರ್ಧರಿಸಲಿ. ಬೆಳಗ್ಗೆಯೇ ಹೋಗಿ, ಲಸಿಕೆಯ ನಂತರ ಒಂದು ಗಂಟೆ ಅಲ್ಲೇ ಕುಳಿತಿರಿ. ವಾಂತಿ, ತೂರಾಟ, ಉಸಿರಾಟದ ಕಷ್ಟ, ಬಿಳಿಚಿದ ವಸಡು ಕಂಡರೆ ಒಂದು ನಿಮಿಷವೂ ಕಾಯಬೇಡಿ. ಮನೆಯಲ್ಲಿರುವ ನೆಗಡಿ ಮಾತ್ರೆಯನ್ನು ಮಾತ್ರ ಕೊಡಲೇಬೇಡಿ. ಅದರಲ್ಲಿ ಬೆರೆತ ಪ್ಯಾರಾಸಿಟಮಾಲ್ 4 ಕಿಲೋ ನಾಯಿಗೆ ವಿಷವಾಗಬಹುದು.